ಮಂಗಳವಾರದ ಉಪವಾಸ

(ಹೆಸರು, ವಯಸ್ಸು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ದಂಪತಿಯ ಒಪ್ಪಿಗೆ ಇದೆ.)

ಮೊದಲು ಬಂದವರು ಹೆಂಡತಿ. ಚಿಕ್ಕಮಗಳೂರಿನ ಸುತ್ತಮುತ್ತಲಿಂದ ನನ್ನಲ್ಲಿಗೆ ಆಪ್ತಸಲಹೆಗೆ ಬರುವ ಪ್ರಕರಣಗಳು ಬಹುತೇಕ ಹೀಗೆಯೇ ಶುರುವಾಗುತ್ತವೆ: ತೊಂದರೆ ಗಂಡಸಿನದು, ಬಾಗಿಲು ತಟ್ಟುವವರು ಹೆಂಗಸರು. ಇವರನ್ನು ಸುಮಾ ಎನ್ನೋಣ, ಗಂಡನನ್ನು ರಘು. ರಘುವಿಗೆ 32 ವರ್ಷ. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವ ಕೆಲಸ. ತಂದೆಯ ಹೆಸರಿನಲ್ಲಿ ನಾಲ್ಕು ಎಕರೆ ರೊಬಸ್ಟಾ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು.

"ಮಂಗಳವಾರ ಬಂತೆಂದರೆ ಇವರ ಬುತ್ತಿ ಹಾಗೆಯೇ ವಾಪಸು ಬರುತ್ತದೆ ಮೇಡಂ" ಎಂದರು ಸುಮಾ. ಮಗ ಯಾವುದೋ ಹರಕೆ ಹೊತ್ತಿದ್ದಾನೆ ಎಂದು ಅತ್ತೆ ಖುಷಿಪಟ್ಟಿದ್ದರಂತೆ. ತನ್ನ ಬಳೆಗಳನ್ನು ಅಡವಿಟ್ಟ ಚೀಟಿ ಅಂಗಿಯ ಜೇಬಿನಲ್ಲಿ ಸಿಕ್ಕಿದ ಮೇಲೆ ಸುಮಾ ಹರಕೆಯ ಮಾತನ್ನು ನಂಬಲಿಲ್ಲ.

ರಘು ಷೇರುಪೇಟೆಯ ಆಪ್ಶನ್ ವಹಿವಾಟಿಗೆ ಇಳಿದಿದ್ದರು. ಆಪ್ಶನ್ ಎಂದರೆ ಗೊತ್ತಾದ ದಿನಕ್ಕೆ, ಗೊತ್ತಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು. ಷೇರುಪೇಟೆಯ ಸೂಚ್ಯಂಕ ನಿಫ್ಟಿಯ ವಾರದ ಆಪ್ಶನ್‌ಗಳ ಅವಧಿ ಮುಗಿಯುವುದು ಮಂಗಳವಾರ. 2025ರ ಸೆಪ್ಟೆಂಬರ್‌ಗೆ ಮೊದಲು ಅದು ಗುರುವಾರವಿತ್ತು. ಮಧ್ಯಾಹ್ನ ಮೂರೂವರೆಗೆ ಪೇಟೆ ಮುಚ್ಚುವವರೆಗೆ ರಘುವಿನ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಮುಂದಿನ ಭೇಟಿಗೆ ರಘು ಜೊತೆಗೆ ಬಂದರು. ಹಣದ ಮಾತೆತ್ತಿದರೆ ಮೌನ, ಕ್ರಿಕೆಟ್ ಎಂದರೆ ಮುಖ ಅರಳುತ್ತಿತ್ತು. ಯಾವ ಪಿಚ್‌ನಲ್ಲಿ ಯಾರು ಆಡಬೇಕು, ಇಬ್ಬನಿ ಬಿದ್ದರೆ ಎರಡನೆಯ ಇನ್ನಿಂಗ್ಸ್ ಏನಾಗುತ್ತದೆ, ಎಲ್ಲ ಬಾಯಿಪಾಠ. ಐಪಿಎಲ್ ಬಂದರೆ ಕಚೇರಿಯ ಅರ್ಧ ಜನ ಮೊಬೈಲ್‌ನಲ್ಲಿ ತಂಡ ಕಟ್ಟುವ ಮೊದಲು ಇವರನ್ನು ಕೇಳುತ್ತಿದ್ದರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದಾಗ ಮೊಬೈಲ್‌ನಲ್ಲಿ ತಂಡ ಕಟ್ಟಿ ಹಣ ಹೂಡುವ ಆ ಆಟವೂ ನಿಂತಿತು. ಆ ವರ್ಷದ ಆರಂಭದಲ್ಲಿ ಕಾಫಿ ಬೆಲೆ ದಾಖಲೆ ಮಟ್ಟ ಮುಟ್ಟಿತ್ತು. ಹಾಗಾಗಿ ತಂದೆ ಮತ್ತು ಮಗನ ಜಂಟಿ ಖಾತೆಯಲ್ಲಿ ಎಂದೂ ಇರದಷ್ಟು ಹಣವಿತ್ತು. ಹಳೆಯ ಗೆಳೆಯನೊಬ್ಬ ಆಪ್ಶನ್ ವಹಿವಾಟಿನ ಟೆಲಿಗ್ರಾಂ ಗುಂಪೊಂದಕ್ಕೆ ಸೇರಿಸಿದ. ಆಪ್ಶನ್ ವಿಭಾಗ ತೆರೆಯಲು ಬ್ರೋಕರ್ ಸಂಸ್ಥೆ ಆದಾಯದ ದಾಖಲೆ ಕೇಳಿತು. ಸಂಬಳದ ಚೀಟಿ ಕೊಟ್ಟರು, ವಿಭಾಗ ತೆರೆಯಿತು.

"ಅದು ಜೂಜು ಮೇಡಂ, ಇದು ಮಾರುಕಟ್ಟೆ. ಸರ್ಕಾರವೇ ಒಪ್ಪಿದೆ."

ನಾನು ವಾದಕ್ಕಿಳಿಯಲಿಲ್ಲ. ಆಪ್ಶನ್ ಕಾನೂನುಬದ್ಧ ವಹಿವಾಟು ಎಂಬುದು ನಿಜ. ನಮ್ಮಲ್ಲಿ ಸೂಚ್ಯಂಕದ ಆಪ್ಶನ್‌ಗಳು 2001ರಿಂದ ಇವೆ. ದೊಡ್ಡ ಬಂಡವಾಳ ಇರುವವರಿಗೆ ಬೆಲೆ ಕುಸಿತದ ವಿರುದ್ಧ ರಕ್ಷಣೆಯಾಗಿ ಅವು ಉಪಯೋಗಕ್ಕೂ ಬರುತ್ತವೆ. ಆದರೆ ರಘುವಿನ ಬಳಿ ರಕ್ಷಿಸಬೇಕಾದ ಒಂದು ಷೇರೂ ಇರಲಿಲ್ಲ. ಒಂದು ಹಾಳೆ ಕೊಟ್ಟು, ನೀವು ಸೋತ ಒಂದು ವಹಿವಾಟನ್ನು ಸುಮಾ ಅವರಿಗೆ ಅರ್ಥವಾಗುವಂತೆ ಬಿಡಿಸಿ ಹೇಳಿ ಎಂದೆ. ಈ ಪ್ರಕರಣದಲ್ಲಿ ಕೆಲಸ ಮಾಡಿದ್ದು ಈ ಹಾಳೆಯೇ. ನನ್ನ ಮಾತಿನ ಪಾಲು ಕಡಿಮೆ.

ರಘು ಚೆನ್ನಾಗಿಯೇ ವಿವರಿಸಿದರು. ತೋಟ ಕೊಳ್ಳಲು ಮುಂಗಡ ಕೊಟ್ಟ ಹಾಗೆ, ಎಂದರು. ಇಂಥ ದಿನದೊಳಗೆ ಇಂಥ ಬೆಲೆಗೆ ಕೊಳ್ಳುವ ಹಕ್ಕು ನನ್ನದು, ಬೇಡವೆನಿಸಿದರೆ ಮುಂಗಡ ಹೋಯಿತು, ಅಷ್ಟೇ. ಆ ಮುಂಗಡಕ್ಕೆ ಪ್ರೀಮಿಯಂ ಎನ್ನುತ್ತಾರೆ. ಕೊಳ್ಳುವ ಹಕ್ಕು ಕಾಲ್, ಮಾರುವ ಹಕ್ಕು ಪುಟ್. ನಿಫ್ಟಿ 24,800ರಲ್ಲಿದ್ದಾಗ 25,000ದ ಕಾಲ್ ಅನ್ನು 90 ರೂಪಾಯಿಗೆ ಕೊಂಡಿದ್ದರು. ಆಗ ಒಂದು ಲಾಟ್, ಅಂದರೆ ಒಮ್ಮೆಗೆ ಕೊಳ್ಳಬೇಕಾದ ಕನಿಷ್ಠ ಕಟ್ಟು, 75, ಹಾಗಾಗಿ ಕೊಟ್ಟ ಹಣ 6,750. ಅವರು ಹೇಳಿದಂತೆಯೇ ಸೂಚ್ಯಂಕ ಏರಿತು, ಮಂಗಳವಾರ 25,040ಕ್ಕೆ ನಿಂತಿತು. ಹಕ್ಕಿನ ಬೆಲೆ 40 ರೂಪಾಯಿ, ಕೈಗೆ ಬಂದದ್ದು 3,000. ಶುಲ್ಕ, ತೆರಿಗೆ ಬಿಟ್ಟು 3,750 ನಷ್ಟ.

"ಏರುತ್ತದೆ ಎಂದಿರಿ, ಏರಿತು. ಹಾಗಾದರೆ ದುಡ್ಡು ಯಾಕೆ ಹೋಯಿತು?" ಎಂದು ಕೇಳಿದರು ಸುಮಾ.

ರಘು ಬಹಳ ಹೊತ್ತು ಹಾಳೆಯನ್ನೇ ನೋಡಿದರು. ಕ್ರಿಕೆಟ್ ಬಲ್ಲವರು ಎಡವುವುದು ಇಲ್ಲಿಯೇ. ಗೆಲ್ಲುವ ತಂಡವನ್ನು ಸರಿಯಾಗಿ ಹೇಳಿದರೆ ಕಟ್ಟೆಯ ಮೇಲೆ ವಾದ ಗೆದ್ದಂತೆ. ಆಪ್ಶನ್ ಕೊಂಡವರಿಗೆ ದಿಕ್ಕು ಸರಿಯಾದರೆ ಸಾಲದು. ಎಷ್ಟು ಏರುತ್ತದೆ, ಯಾವ ದಿನದೊಳಗೆ ಎಂಬುದೂ ಸರಿಯಾಗಬೇಕು. ಇವರ ಲೆಕ್ಕದಲ್ಲಿ 25,090 ದಾಟಿದ್ದರೆ ಮಾತ್ರ ಲಾಭ. ಬೆಲೆ ಅಲುಗದಿದ್ದರೂ ದಿನ ಕಳೆದಂತೆ ಪ್ರೀಮಿಯಂ ಕರಗುತ್ತದೆ, ಕೊನೆಯ ದಿನ ಕರಗುವ ವೇಗವೇ ಬೇರೆ. ಆ ಮಧ್ಯಾಹ್ನ ಸೂಚ್ಯಂಕ ಇರುವಲ್ಲಿಂದ ಬಹಳ ಮೇಲಿನ ಬೆಲೆಯ ಕಾಲ್‌ಗಳು ಐದು ರೂಪಾಯಿಗೆ ಇಳಿದಿರುತ್ತವೆ. ಒಂದು ಲಾಟ್‌ಗೆ ಆಗ 375. ರಘು ಹಿಂದೆ ಪಂದ್ಯಕ್ಕೆ ಕಟ್ಟುತ್ತಿದ್ದ ಪ್ರವೇಶ ಶುಲ್ಕಕ್ಕೂ ಇದಕ್ಕೂ ಮನಸ್ಸಿಗೆ ಅಷ್ಟೇನೂ ವ್ಯತ್ಯಾಸ ಕಾಣದು. ಹೋದರೆ ಇಷ್ಟೇ ತಾನೇ ಎನ್ನುತ್ತ ಒಂದೇ ಮಧ್ಯಾಹ್ನ ಹತ್ತು ಸಲ ಕೊಳ್ಳುತ್ತಿದ್ದರು.

ಕೊಂಡು ಸೋತ ಮೇಲೆ ಮಾರಲು ಹೊರಟರು. ಮಾರುವವರಿಗೆ ಪ್ರೀಮಿಯಂ ಮೊದಲೇ ಸಿಗುತ್ತದೆ, ಹೆಚ್ಚಿನ ವಾರ ಅದು ಉಳಿಯುತ್ತದೆ ಕೂಡ. ಆದರೆ ಸಿಗುವುದು ಅಷ್ಟೇ, ಹೋಗುವುದಕ್ಕೆ ಮಿತಿಯಿಲ್ಲ. ಅದಕ್ಕೇ ದೊಡ್ಡ ಮೊತ್ತದ ಮಾರ್ಜಿನ್, ಅಂದರೆ ಭದ್ರತಾ ಠೇವಣಿ, ಇಡಬೇಕು. ಬಳೆಗಳು ಹೋದದ್ದು ಈ ಮಾರ್ಜಿನ್‌ಗೆ. ಕೆಲವು ವಾರ ಮೂರು, ನಾಲ್ಕು ಸಾವಿರ ಬಂತು. ಒಂದು ಮಧ್ಯಾಹ್ನ 40,000ಕ್ಕೂ ಹೆಚ್ಚು ಹೋಯಿತು.

ಒಟ್ಟು ನಷ್ಟ 4,60,000. ತಂದೆಯ ಕಾಫಿ ಹಣ 2,10,000, ಚಿನ್ನದ ಸಾಲ 1,80,000, ಮೊಬೈಲ್ ಸಾಲದ ಆ್ಯಪ್‌ಗಳಿಂದ 70,000.

ನನಗೆ ಅಚ್ಚರಿಯಾದದ್ದು, ರಘುವಿಗೆ ಅಂಕಿಅಂಶ ಗೊತ್ತಿತ್ತು. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ದಿನಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ಮತ್ತು ಆಪ್ಶನ್‌ಗಳಲ್ಲಿ ತೊಡಗಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದ್ದಾರೆ, ಸರಾಸರಿ ನಷ್ಟ ಸುಮಾರು 2 ಲಕ್ಷ ಎಂದು ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ ಪ್ರಕಟಿಸಿದ್ದನ್ನು ಅವರು ಓದಿದ್ದರು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ಶೇ. 1 ಮಾತ್ರ ಎಂಬುದೂ ಗೊತ್ತು. "ಆ ಏಳು ಜನರಲ್ಲಿ ನಾನೂ ಒಬ್ಬ ಆಗಬಹುದಲ್ಲ?" ಆಟವನ್ನು ಬಲ್ಲೆ ಎಂಬ ಹೆಮ್ಮೆ ಇರುವವರಿಗೆ ಅಂಕಿಅಂಶ ಅಡ್ಡಗೋಡೆಯಾಗುವುದಿಲ್ಲ, ಸವಾಲಾಗುತ್ತದೆ.

ನಿದ್ದೆ ಇರಲಿಲ್ಲ, ಸಿಡುಕು ಇತ್ತು, ಸುಳ್ಳು ಇತ್ತು, ಹೋದದ್ದನ್ನು ಬೆನ್ನಟ್ಟುವ ಚಟವಿತ್ತು. ಜೂಜಿನ ತೊಂದರೆಯನ್ನು ಅಮೆರಿಕದ ಮನೋವೈದ್ಯರ ಸಂಘ 2013ರ ಕೈಪಿಡಿಯಲ್ಲಿ ವ್ಯಸನಗಳ ಸಾಲಿಗೆ ಸೇರಿಸಿದೆ. ಅಲ್ಲಿ ಹೇಳಿದ ಲಕ್ಷಣಗಳಲ್ಲಿ ಹಲವು ಇಲ್ಲಿದ್ದವು. ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಆದರೂ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಅನ್ನು ಇಬ್ಬರ ಫೋನ್‌ನಲ್ಲೂ ಅಲ್ಲಿಯೇ ಸೇರಿಸಿಕೊಳ್ಳಲು ಹೇಳಿದೆ. ಸಾಲದ ಆ್ಯಪ್ ಇರುವ ಮನೆಗಳಲ್ಲಿ ನಾನು ಈ ಪ್ರಶ್ನೆಯನ್ನು ಬಿಡುವುದಿಲ್ಲ.

ಮೊದಲ ಸಲಹೆ, ಆಪ್ಶನ್ ವಿಭಾಗವನ್ನು ಮುಚ್ಚಲು ಬ್ರೋಕರ್ ಸಂಸ್ಥೆಗೆ ಅಂದೇ ಕೋರಿಕೆ ಸಲ್ಲಿಸುವುದು. ಆ್ಯಪ್ ಅಳಿಸಿದರೆ ಸಾಲದು, ಮತ್ತೆ ಹಾಕಿಕೊಳ್ಳಲು ಒಂದು ನಿಮಿಷ ಸಾಕು. ವಿಭಾಗವೇ ಮುಚ್ಚಿದ್ದರೆ ಪುನಃ ತೆರೆಸಲು ಅರ್ಜಿ ಹಾಕಬೇಕು. ಆ ವಿಳಂಬದಲ್ಲಿ ಮನಸ್ಸಿನ ಬಿಸಿ ಇಳಿಯುತ್ತದೆ. ಟೆಲಿಗ್ರಾಂ ಗುಂಪಿನಿಂದ ಹೊರಬರುವುದೂ ಅಂದೇ.

ರಘು ಇಲ್ಲಿ ತಡೆದರು. "ಕಳೆದುಕೊಂಡಲ್ಲೇ ಹುಡುಕಬೇಕು ಅಲ್ಲವೇ ಮೇಡಂ?" ಬಿದ್ದ ಉಂಗುರ ಬಿದ್ದಲ್ಲೇ ಇರುತ್ತದೆ, ಹುಡುಕಿ. ಈ ಹಣ ಬೇರೆಯವರ ಕೈ ಸೇರಿ ಆಗಿದೆ, ಎಂದೆ. ಒಪ್ಪಿದಂತೆ ತಲೆಯಾಡಿಸಿದರು. ಒಪ್ಪಿರಲಿಲ್ಲ. ಅದು ಕೋರಿಕೆ ಸಲ್ಲಿಸಲು ಅವರು ತೆಗೆದುಕೊಂಡ ಸಮಯದಲ್ಲೇ ತಿಳಿಯಿತು.

ಎರಡನೆಯದು ತಂದೆಗೆ ಹೇಳುವುದು, ಅದೂ ಪೂರ್ತಿ ಮೊತ್ತ. ಅರ್ಧ ಹೇಳಿದವರು ಉಳಿದರ್ಧವನ್ನು ಗುಟ್ಟಾಗಿ ತುಂಬಲು ಮತ್ತೆ ಅಲ್ಲಿಗೇ ಹೋಗುತ್ತಾರೆ. ಹೇಳುವಾಗ ಸುಮಾ ಪಕ್ಕದಲ್ಲಿರಲಿ, ಆದರೆ ಮಾತು ರಘುವಿನ ಬಾಯಿಂದಲೇ ಬರಲಿ ಎಂದೆ. ಸಂಬಳ ಬೀಳುವ ಖಾತೆಯ ನಿರ್ವಹಣೆ ಒಂದು ವರ್ಷ ಸುಮಾ ಅವರದು. ಜಂಟಿ ಖಾತೆಯಿಂದ ರಘುವಿನ ಹೆಸರು ಸದ್ಯಕ್ಕೆ ಹೊರಗೆ. ಸಾಲಗಳಲ್ಲಿ ಬಡ್ಡಿ ಹೆಚ್ಚಿರುವ ಆ್ಯಪ್ ಸಾಲ ಮೊದಲು ತೀರಬೇಕು, ಬಳೆ ಆಮೇಲೆ. ಇದಕ್ಕೆ ಸುಮಾ ಅವರನ್ನು ಒಪ್ಪಿಸುವುದು ಕಷ್ಟವಾಯಿತು. ಕಷ್ಟವಾಗುವುದು ಸಹಜ.

ತೆರಿಗೆಯ ವಿಷಯಕ್ಕೆ ಲೆಕ್ಕಪರಿಶೋಧಕರ ಬಳಿ ಕಳುಹಿಸಿದೆ. ಈ ನಷ್ಟ ವ್ಯಾಪಾರದ ನಷ್ಟವಾದ್ದರಿಂದ ಐಟಿಆರ್ 3 ಎಂಬ ಆದಾಯ ತೆರಿಗೆ ನಮೂನೆಯಲ್ಲಿ ತೋರಿಸಬೇಕು, ಗಡುವಿನೊಳಗೆ ಸಲ್ಲಿಸಿದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ರಘು ಮರಳಿ ಬಂದಾಗ ಕಣ್ಣಲ್ಲಿ ಹೊಳಪು: ಮುಂದೆ ಲಾಭ ಬಂದರೆ ಇದನ್ನು ಹೊಂದಿಸಿಕೊಳ್ಳಬಹುದಲ್ಲ! ವ್ಯಸನ ಯಾವ ನೆಪವನ್ನೂ ಬಿಡುವುದಿಲ್ಲ, ತೆರಿಗೆ ಕಾನೂನನ್ನೂ ಸಹ.

ಕ್ರಿಕೆಟ್ ಬಿಡಿ ಎಂದು ನಾನು ಹೇಳಲಿಲ್ಲ. ಪಂದ್ಯ ನೋಡುವಾಗ ಫೋನ್ ಬೇರೆ ಕೋಣೆಯಲ್ಲಿರಲಿ, ಭಾನುವಾರ ಮೈದಾನಕ್ಕೆ ಹೋಗಿ ಆಡಿ ಎಂದೆ. ಹಣವಿಲ್ಲದೆ ಆಟ ಸಪ್ಪೆಯಾಗಿದೆ ಎಂದು ಮೊದಲ ತಿಂಗಳು ದೂರಿದರು.

ತಂದೆ ಬೈಯಲಿಲ್ಲವಂತೆ. ಎರಡು ದಿನ ಮಾತಾಡದೆ ಇದ್ದು, ಮೆಣಸು ಮಾರಿದ ಹಣದಲ್ಲಿ ಆ್ಯಪ್ ಸಾಲ ತೀರಿಸಿದರು. ಚಿನ್ನದ ಸಾಲ ಇನ್ನೂ ಇದೆ. ಸಣ್ಣ ಮೊತ್ತದಲ್ಲಿ ಷೇರು ಕೊಳ್ಳಬಹುದೇ ಎಂದು ರಘು ಈಚೆಗೆ ಕೇಳಿದರು. ಹೂಡಿಕೆಯ ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿತರಾಗಿರಬೇಕು, ಅದು ನನ್ನ ಕೆಲಸವಲ್ಲ. ಬಳೆ ಮನೆಗೆ ಬಂದ ಮೇಲೆ ಸುಮಾ ಅವರೊಡನೆ ಕುಳಿತು ಯೋಚಿಸಿ ಎಂದಿದ್ದೇನೆ. ಇನ್ನೊಂದು ವಿಷಯ ಬಾಕಿ ಇದೆ: ಇವರ ಮಾತು ನಂಬಿ ಕಚೇರಿಯ ಇಬ್ಬರು ಕಿರಿಯರು ಆಪ್ಶನ್ ಖಾತೆ ತೆರೆದಿದ್ದಾರೆ, ತಾನು ಸೋತದ್ದನ್ನು ರಘು ಅವರಿಗೆ ಇನ್ನೂ ಹೇಳಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನು ಎತ್ತಿಕೊಳ್ಳಬೇಕು.