ಎರಡು ಕೈಯಲ್ಲಿ ಕೊಡುವ ಕಾರ್ಡು

ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡು ಯಂತ್ರದ ಬಿಡಿಭಾಗ ಮಾಡುವ ಓದುಗರೊಬ್ಬರು ಬರೆದಿದ್ದಾರೆ: "ಮುಂದಿನ ತಿಂಗಳು ವ್ಯಾಪಾರದ ಮಾತುಕತೆಗೆಂದು ಮೊದಲ ಸಲ ಜಪಾನಿನ ನಗೋಯಕ್ಕೆ ಹೊರಟಿದ್ದೇನೆ. ಹೋಗಿಬಂದ ಸ್ನೇಹಿತರು ನಾಲ್ಕು ಪುಟದ ಪಟ್ಟಿ ಕೊಟ್ಟಿದ್ದಾರೆ. ವಿಸಿಟಿಂಗ್ ಕಾರ್ಡು ಹೀಗೆ ಹಿಡಿ, ಹೀಗೆ ಬಗ್ಗು, ಅಲ್ಲಿ ಕೂರಬೇಡ, ಅನ್ನಕ್ಕೆ ಊಟದ ಕಡ್ಡಿ ಚುಚ್ಚಬೇಡ. ಮಾಲು ಚೆನ್ನಾಗಿದ್ದು ದರ ಸರಿಯಿದ್ದರೆ ಸಾಲದೆ? ನಾವು ಇಷ್ಟೊಂದು ತಗ್ಗಬೇಕೆ?"

ಮಿತ್ರರೇ, ಮಾಲು ಚೆನ್ನಾಗಿರಲೇಬೇಕು. ಕೆಟ್ಟ ಮಾಲನ್ನು ಯಾವ ನಮಸ್ಕಾರವೂ ಮಾರಿಕೊಡುವುದಿಲ್ಲ. ಅಷ್ಟು ನಿಮ್ಮ ಮಾತು ಒಪ್ಪಿದೆ. ಆದರೆ "ತಗ್ಗುವುದು" ಎಂದಿರಲ್ಲ, ಅಲ್ಲಿ ನನಗೆ ನೋವಾಯಿತು.

ಹಲವು ವರ್ಷಗಳ ಹಿಂದೆ, ನಮ್ಮ ಪತ್ರಿಕೆ ಅಚ್ಚಾಗುತ್ತಿದ್ದ ಮುದ್ರಣಾಲಯದ ಮಾಲೀಕರ ಜೊತೆ ಯಂತ್ರ ನೋಡಲು ಒಸಾಕಾಗೆ ಹೋಗಿದ್ದೆ. ಅಲ್ಲಿನ ಹಿರಿಯ ಅಧಿಕಾರಿ ಎದ್ದು ನಿಂತು, ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಅಕ್ಷರ ನಮ್ಮ ಕಡೆ ತಿರುಗಿಸಿ ಕೊಟ್ಟರು. ನಮ್ಮ ಕಾರ್ಡು ತೆಗೆದುಕೊಂಡು ಹೆಸರನ್ನು ನಿಧಾನವಾಗಿ ಓದಿದರು, ಉಚ್ಚಾರ ಸರಿಯೇ ಎಂದು ಕೇಳಿದರು. ಆಮೇಲೆ ನಾವು ಕೂತ ಕ್ರಮದಲ್ಲೇ ಕಾರ್ಡುಗಳನ್ನು ತಮ್ಮೆದುರು ಮೇಜಿನ ಮೇಲೆ ಜೋಡಿಸಿಟ್ಟುಕೊಂಡರು. ನಮ್ಮ ಮಾಲೀಕರೋ, ಅವರು ಕೊಟ್ಟ ಕಾರ್ಡಿನ ಬೆನ್ನಿಗೇ ಹೋಟೆಲಿನ ಫೋನ್ ನಂಬರು ಬರೆದುಕೊಂಡು, ಪ್ಯಾಂಟಿನ ಹಿಂಜೇಬಿಗೆ ಹಾಕಿ ಅದರ ಮೇಲೆಯೇ ಕೂತರು. ಯಾರೂ ಏನೂ ಅನ್ನಲಿಲ್ಲ. ದುಭಾಷಿ ಹುಡುಗಿಯ ಕಣ್ಣು ಮಾತ್ರ ಒಂದು ಗಳಿಗೆ ಆ ಪೆನ್ನಿನ ಮೇಲೆ ನಿಂತಿತ್ತು.

ಜಪಾನಿನವರಿಗೆ ಕಾರ್ಡು, ಅಂದರೆ 'ಮೇಶಿ', ಬರೀ ಕಾಗದವಲ್ಲ, ಎದುರಿಗಿರುವ ಮನುಷ್ಯನೇ. ಇದು ನಮಗೆ ಹೊಸದೇನು? ಮದುವೆಯ ಕರೆಯೋಲೆಯನ್ನು ನಮ್ಮಮ್ಮ ಒಂದೇ ಕೈಯಲ್ಲಿ ಕೊಟ್ಟಿದ್ದನ್ನು ನಾನು ನೋಡಿಲ್ಲ. ಮೊದಲು ಕುಂಕುಮ, ಅಕ್ಷತೆ, ಆಮೇಲೆ ಎರಡೂ ಕೈಯಲ್ಲಿ ಕಾಗದ, "ಮನೆಮಂದಿಯೆಲ್ಲ ಬರಬೇಕು" ಎಂಬ ಮಾತು. ಅದನ್ನು ಬಲ್ಲವರಿಗೆ ಮೇಶಿ ಕಲಿಸಬೇಕಾಗಿಲ್ಲ, ನೆನಪಿಸಿದರೆ ಸಾಕು.

ನಿಮ್ಮ ಪಟ್ಟಿಯ ದೋಷ ಇದೇ. ಅದು 'ಮಾಡಬೇಡ' ಎನ್ನುತ್ತದೆ, 'ಯಾಕೆ' ಎನ್ನುವುದಿಲ್ಲ. ಬಟ್ಟಲಿನ ಅನ್ನದಲ್ಲಿ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿ ಇಡುವುದು ಅಲ್ಲಿ ಸತ್ತವರಿಗೆ. ಕಡ್ಡಿಯಿಂದ ಕಡ್ಡಿಗೆ ತಿನಿಸು ದಾಟಿಸಬಾರದು, ಏಕೆಂದರೆ ದಹನದ ನಂತರ ಬಂಧುಗಳು ಅಸ್ಥಿ ಆಯುವುದು ಹಾಗೆ. ಕಾರಣ ತಿಳಿದ ಮೇಲೆ ಯಾವ ಕನ್ನಡಿಗನ ಕೈ ಆ ಕೆಲಸ ಮಾಡೀತು? ಉಪ್ಪನ್ನು ಕೈಯಿಂದ ಕೈಗೆ ಕೊಡದ, ದೀಪ 'ಆರಿಸು' ಎನ್ನದೆ 'ದೊಡ್ಡದು ಮಾಡು' ಎನ್ನುವ ಮನೆಗಳಲ್ಲಿ ಬೆಳೆದವರಲ್ಲವೆ ನಾವು!

ದರದ ಮಾತಿಗೆ ಬನ್ನಿ. ಒಸಾಕಾದಲ್ಲಿ ನಾವು ದರ ಇಳಿಸಲು ಕೇಳಿದಾಗ ಅವರು "ಕೆಂತೋ ಶಿಮಾಸು" ಎಂದರು. ಪರಿಶೀಲಿಸುತ್ತೇವೆ ಎಂದು ಅರ್ಥ. ಮಾಲೀಕರು ಎರಡು ತಿಂಗಳು ದಾರಿ ಕಾದರು. ಆ ಮಾತು ಎಷ್ಟೋ ಸಲ ಮೆತ್ತಗಿನ 'ಇಲ್ಲ'. ಸಾಲ ಕೇಳಲು ಬಂದ ನೆಂಟರಿಗೆ ನಮ್ಮ ಹಿರಿಯರು "ನೋಡೋಣ" ಎನ್ನುತ್ತಿದ್ದರಲ್ಲ, ಥೇಟು ಅದೇ. ಮೀಟಿಂಗಿನಲ್ಲೇ ಹೂಂ ಅಥವಾ ಊಹೂಂ ಹೇಳಿ ಎಂದು ಪಟ್ಟು ಹಿಡಿಯಬೇಡಿ. 'ನೆಮವಾಶಿ' ಎಂಬ ಮಾತೊಂದಿದೆ ಅವರಲ್ಲಿ. ಮರವನ್ನು ಕಿತ್ತು ಬೇರೆಡೆ ನೆಡುವ ಮೊದಲು ಬೇರಿನ ಸುತ್ತ ಅಗೆದು ಹದ ಮಾಡುವುದು. ತೀರ್ಮಾನವೂ ಹಾಗೆ ಮೇಲಿನವರು, ಕೆಳಗಿನವರು ಎಲ್ಲರ ಬಳಿ ಓಡಾಡಿ ಹದವಾಗಿ ಬರಬೇಕು. ತಡವಾಗುತ್ತದೆ. ಮಾತಿನ ನಡುವೆ ಮೌನ ಬಂದರೂ ಗಾಬರಿಯಾಗಿ ಅದನ್ನು ತುಂಬಲು ಹೋಗಬೇಡಿ.

ನನ್ನ ಹೊಟ್ಟೆಯುರಿ ಬೇರೆಯೇ ಇದೆ. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಕಾರು ತಯಾರಾಗತೊಡಗಿದ್ದು 1999ರಲ್ಲಿ. ಇಷ್ಟು ವರ್ಷ ಜಪಾನಿನವರು ನಮ್ಮ ನಡುವೆ ಓಡಾಡಿದ್ದಾರೆ. ಆದರೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶಿಷ್ಟಾಚಾರ ಎಂದರೆ ಟೈ ಕಟ್ಟುವುದು, ಫೋರ್ಕು ಹಿಡಿಯುವುದು, ಕೈ ಗಟ್ಟಿಯಾಗಿ ಕುಲುಕುವುದು. ಇಂಗ್ಲಿಷರ ಮರ್ಯಾದೆಯೇ ಲೋಕದ ಮರ್ಯಾದೆ ಎಂದು ಮಕ್ಕಳನ್ನು ನಂಬಿಸಿಬಿಟ್ಟಿದ್ದೇವೆ. ಮನೆಗೆ ಬಂದವರಿಗೆ ನೀರು ಕೊಟ್ಟು ಆಮೇಲೆ ಬಂದ ವಿಷಯ ಕೇಳಬೇಕು, 'ಹೋಗುತ್ತೇನೆ' ಎನ್ನದೆ 'ಹೋಗಿ ಬರುತ್ತೇನೆ' ಎನ್ನಬೇಕು ಎಂದು ಯಾರು ಹೇಳಿಕೊಡುತ್ತಿದ್ದಾರೆ? ಇದು ತಿಳಿಯದ ಹುಡುಗನಿಗೆ ಪರದೇಶದ ಮರ್ಯಾದೆಯೆಲ್ಲ ನಾಲ್ಕು ಪುಟದ ಪಟ್ಟಿಯಾಗಿಯೇ ಕಾಣುತ್ತದೆ.

ನೀವು ಹಾಗಲ್ಲ. ಪತ್ರವನ್ನು "ಹಿರಿಯರಿಗೆ ನಮಸ್ಕಾರಗಳು" ಎಂದು ಶುರು ಮಾಡಿದ್ದೀರಿ. ನಿಮಗೆ ಎಲ್ಲ ಗೊತ್ತಿದೆ.

ಕಾರ್ಡಿನ ಒಂದು ಬದಿಗೆ ಜಪಾನಿ ಭಾಷೆಯಲ್ಲಿ ಅಚ್ಚು ಹಾಕಿಸಿ. ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಬಾಗಿಲಲ್ಲಿರಿ. ಬಾಗಿಲಿಗೆ ದೂರದ ಕುರ್ಚಿ ಅತಿಥಿಗೆ ಸಲ್ಲುವುದು, ಆದರೂ ಅವರು ತೋರಿಸುವವರೆಗೆ ನಿಂತಿರಿ. ಕೈಯಲ್ಲಿ ಚನ್ನಪಟ್ಟಣದ ಬಣ್ಣದ ಗೊಂಬೆಗಳಿರಲಿ. ನಾಲ್ಕು ಮಾತ್ರ ಬೇಡ. ಅವರ ಭಾಷೆಯಲ್ಲಿ ನಾಲ್ಕು ಮತ್ತು ಸಾವು ಎರಡಕ್ಕೂ 'ಶಿ' ಎಂಬ ಉಚ್ಚಾರವಿದೆ. ಮೂರೋ ಐದೋ ಒಯ್ಯಿರಿ. ಎದುರಿಗೇ ಬಿಚ್ಚಿ ನೋಡಲಿಲ್ಲವೆಂದು ಬೇಸರಪಡಬೇಡಿ. ಮದುವೆಮನೆಯಲ್ಲಿ ಬಂದ ಮುಯ್ಯಿಯನ್ನು ಕೊಟ್ಟವರ ಕಣ್ಣೆದುರು ನಾವೂ ಬಿಚ್ಚುವುದಿಲ್ಲ.

- ಸಂ.