ಪ್ರತಿಕ್ರಿಯೆ: ಕಂಪ್ಯೂಟರ್‌ಗೂ ವೈರಸ್ ಅಂತ ಯಾಕಂತಾರೆ?

ಜ್ವರ ತರೋ ವೈರಸ್‌ಗೂ ಪೆನ್‌ಡ್ರೈವ್ ಕೆಡಿಸೋ ವೈರಸ್‌ಗೂ ಏನು ಸಂಬಂಧ ಅಂತ ಕೇಳಿದ್ದೀರಿ. ಎರಡೂ ಕೆಲಸ ಮಾಡೋ ರೀತಿ ಒಂದೇ ಥರ, ಅಷ್ಟೇ. ಲ್ಯಾಟಿನ್‌ನಲ್ಲಿ ವೈರಸ್ ಅಂದ್ರೆ ವಿಷ. (ನಮ್ಮ ‘ವಿಷ’ಕ್ಕೂ ಅದಕ್ಕೂ ಬೇರು ಒಂದೇ!)

ರೋಗದ ವೈರಸ್ ತಾನಾಗೇ ಮರಿ ಹಾಕಲ್ಲ. ಜೀವಕೋಶದೊಳಗೆ ನುಗ್ಗಿ ಅದರ ಕೈಲೇ ತನ್ನ ಪ್ರತಿಗಳನ್ನ ಮಾಡಿಸ್ಕೊಳ್ಳುತ್ತೆ. ಕಂಪ್ಯೂಟರಿನದ್ದೂ ಅದೇ ಕಥೆ. ಯಾವುದೋ ಪ್ರೋಗ್ರಾಂಗೆ ಅಂಟಿಕೊಂಡಿರುತ್ತೆ, ನೀವು ಅದನ್ನ ಓಪನ್ ಮಾಡಿದ್ರೆ ಇನ್ನೊಂದಕ್ಕೆ ನಕಲಾಗುತ್ತೆ. 1983ರಲ್ಲಿ ಅಮೆರಿಕದ ವಿದ್ಯಾರ್ಥಿ ಫ್ರೆಡ್ ಕೋಹೆನ್ ಇಂಥದ್ದೊಂದು ಬರೆದಾಗ, ಈ ಹೆಸರು ಸೂಚಿಸಿದ್ದು ಅವರ ಗುರು ಲೆನ್ ಏಡಲ್‌ಮನ್.

ಜೆರಾಕ್ಸ್ ಅಂಗಡಿಗೆ ಹೋಗಿಬಂದ ನನ್ನ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿದ್ವು. ನಾನೂ ವೈರಸ್ ಅಂತಲೇ ಬೈದೆ. ಅಸಲಿಗೆ ಅಂಥವು ಸಾಮಾನ್ಯವಾಗಿ ವರ್ಮ್: ಅಂಟಿಕೊಳ್ಳೋಕೆ ಬೇರೆ ಪ್ರೋಗ್ರಾಂ ಬೇಕಿಲ್ಲ.