ನೆಲ ನಮ್ಮದು ಅಂದಮೇಲೆ ಜನವೂ ನಮ್ಮವರೇ

ಬೆಳಗಾವಿಯಲ್ಲಿ ಹುಟ್ಟಿ ಬೆಳೆದು ಈಗ ಬೆಂಗಳೂರಿನಲ್ಲಿ ಕೆಲಸ ಮಾಡುವ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: ಅಪ್ಪ ಬೈಲಹೊಂಗಲ ಕಡೆಯ ಕನ್ನಡಿಗರು. ಅಮ್ಮನ ತವರು ಕೊಲ್ಲಾಪುರದ ಕಡೆ, ಮಾತು ಮರಾಠಿ. 2025ರ ಫೆಬ್ರುವರಿಯಲ್ಲಿ, ಮರಾಠಿ ಬರುವುದಿಲ್ಲ ಎಂದದ್ದಕ್ಕೆ ಬೆಳಗಾವಿ ಹತ್ತಿರ ಕಂಡಕ್ಟರ್ ಒಬ್ಬರ ಮೇಲೆ ಹಲ್ಲೆಯಾಯಿತು ಎಂಬ ಸುದ್ದಿ ಬಂತು. ಆಗ ಆಫೀಸಿನಲ್ಲಿ ಒಬ್ಬರು "ನಿಮ್ಮೋರೇ ಅಲ್ವಾ ಹೊಡೆದಿದ್ದು?" ಎಂದರು. ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ ಚಾಲಕರಿಗೆ ಮಸಿ ಬಳಿದಾಗ, ಸೋದರಮಾವನ ಮಗ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಅದೇ ಪ್ರಶ್ನೆಯನ್ನು ಮರಾಠಿಯಲ್ಲಿ ಕೇಳಿದ. ಇವರು ಗ್ರೂಪ್ ಬಿಟ್ಟರು. ಮಾವನ ಮನೆಯ ಜೊತೆ ಮಾತು ನಿಂತಿದೆ. ಅಮ್ಮ ಬೆಂಗಳೂರಿಗೆ ಬಂದಾಗ, ಬಸ್ಸಿನಲ್ಲಿ ಮಾವಶಿಯ ಫೋನ್ ಬಂದರೆ ಕಟ್ ಮಾಡಿ, ಇಳಿದ ಮೇಲೆ ತಿರುಗಿ ಮಾಡುತ್ತಾರಂತೆ. "ನಾನು ಅರ್ಧ ಕನ್ನಡತಿಯೇ? ಯಾವ ಕಡೆಯವಳು, ನೀವೇ ಹೇಳಿ. ರಾತ್ರಿ ನಿದ್ದೆ ಹತ್ತುವುದಿಲ್ಲ" ಎಂದು ಪತ್ರ ಮುಗಿಸಿದ್ದಾರೆ.

ಪ್ರಿಯ ಸೋದರಿ,

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅಮ್ಮ ಫೋನ್ ಕಟ್ ಮಾಡುವ ವಿಷಯ. ಒಡಹುಟ್ಟಿದವಳ ಜೊತೆ ಮಾತಾಡಲು ಒಬ್ಬ ತಾಯಿ ಬಸ್ ಇಳಿಯುವ ತನಕ ಕಾಯುತ್ತಾಳೆ ಅಂದರೆ ಕನ್ನಡಿಗರಾದ ನಾವು ತಲೆ ತಗ್ಗಿಸಬೇಕು.

ಮೊದಲು ನನ್ನ ನಿಲುವು ಹೇಳಿಬಿಡುತ್ತೇನೆ. ಬೆಳಗಾವಿ ಕರ್ನಾಟಕದ್ದು. ಅದರಲ್ಲಿ ನನಗೆ ಅನುಮಾನ ಇಲ್ಲ. 1956ರ ತನಕ ಬೆಳಗಾವಿ ಮಾತ್ರ ಅಲ್ಲ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಎಲ್ಲವೂ ಮುಂಬೈ ರಾಜ್ಯದಲ್ಲೇ ಇದ್ದವು. ಆ ವರ್ಷ ನವೆಂಬರ್ 1ಕ್ಕೆ ಗೆರೆ ಬಿತ್ತು, ತಕರಾರು ಶುರುವಾಯಿತು. ಮಹಾರಾಷ್ಟ್ರ ಪಟ್ಟು ಹಿಡಿದ ಮೇಲೆ 1966ರಲ್ಲಿ ಕೇಂದ್ರವು ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗ ಮಾಡಿತು. ಬೆಳಗಾವಿ ನಗರ ಇಲ್ಲೇ ಇರಲಿ, 264 ಹಳ್ಳಿಗಳು ಅವರಿಗೆ, 247 ಹಳ್ಳಿಗಳು ನಮಗೆ ಎಂದು 1967ರಲ್ಲಿ ವರದಿ ಬಂತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರಿನಲ್ಲಂತೂ ಒಂದೇ ವಾರದೊಳಗೆ ಎರಡೂ ವಿಧಾನಸಭೆಗಳು ಎದುರುಬದುರು ನಿರ್ಣಯ ಮಾಡಿದವು. ಎರಡು ಸರ್ಕಾರಗಳ ವ್ಯಾಜ್ಯ ಇದು. ಕೋರ್ಟಿನಲ್ಲಿದೆ, ಅಲ್ಲೇ ತೀರ್ಮಾನ ಆಗಲಿ. ಅದಕ್ಕೆ ನಿಮ್ಮ ಅಮ್ಮನ ಸಾಕ್ಷಿ ಯಾರಿಗೂ ಬೇಕಾಗಿಲ್ಲ.

ಇನ್ನೊಂದು ಮಾತು. ಮಹಾಜನ್ ವರದಿಯೇ ಅಂತಿಮ ಅಂತ ನಾವು ಇವತ್ತಿಗೂ ಹೇಳುತ್ತೇವೆ. ಹಾಗೆ ಹೇಳುವಾಗಲೇ ಬೆಳಗಾವಿಯ ಮರಾಠಿ ಮನೆಗಳೂ ನಮ್ಮವೇ ಅಂತ ಒಪ್ಪಿಕೊಂಡ ಹಾಗಾಯಿತು, ಅಲ್ವಾ? ಊರು ಬೇಕು, ಊರಿನವರು ಬೇಡ ಅನ್ನಲಾಗದು. ಅದೇ ವರದಿ ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಮಗೆ ಸೇರಬೇಕು ಎಂದಿತ್ತು. ಸೇರಲಿಲ್ಲ. ಅಲ್ಲಿ ಕನ್ನಡ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರನ್ನೇ ಹಾಕಿ ಅಂತ ನಮ್ಮವರು ಕೇಳುತ್ತಾರೆ. ಗಡಿಯಾಚೆ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಯಲ್ಲೂ ಕನ್ನಡ ಶಾಲೆಗಳಿವೆ. ಚಿಕ್ಕ ಮಕ್ಕಳಿಗೆ ಮನೆಮಾತಿನಲ್ಲಿ ಪಾಠ ಸಿಗಬೇಕು ಅನ್ನುವ ಸಂವಿಧಾನದ 350ಎ ವಿಧಿಯನ್ನು ಅಲ್ಲಿ ನಾವು ತೋರಿಸುತ್ತೇವೆ. ಬೆಳಗಾವಿಯ ಮರಾಠಿ ಮಗುವಿಗೂ ಅದೇ ವಿಧಿ. ಇಲ್ಲಿರುವವರು ಕನ್ನಡ ಕಲಿಯಲೇಬೇಕು, ಅದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಕಲಿತ ಮೇಲೂ ಮನೆಮಾತಿಗೆ ನಾಚಿಕೊಳ್ಳಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ.

ಅರ್ಧ ಕನ್ನಡತಿಯೇ ಅಂತ ಕೇಳಿದ್ದೀರಿ. ಧಾರವಾಡದ ದ.ರಾ. ಬೇಂದ್ರೆಯವರ ಮನೆಮಾತು ಮರಾಠಿ. ಮರಾಠಿಯಲ್ಲೂ ಬರೆದರು. 1973ರಲ್ಲಿ ಜ್ಞಾನಪೀಠ ಬಂದದ್ದು ಕನ್ನಡ ಕವಿತೆಗೆ. ಅವರನ್ನು ಅರ್ಧ ಕನ್ನಡಿಗ ಅನ್ನುವ ಧೈರ್ಯ ಯಾರಿಗಿದೆ? ನಿಮ್ಮೂರಿನ ಖಡೇಬಜಾರಿನಲ್ಲಿ ನಾನೇ ಕೇಳಿದ್ದೇನೆ. "ಮೆಂತ್ಯ ಹೆಂಗ ಕೊಟ್ಟಿ ಅವ್ವ?" ಅಂದರೆ ಆ ತಾಯಿ "ದಹಾಲಾ ಏಕ್ (ಹತ್ತಕ್ಕೆ ಒಂದು), ತಗೋರಿ" ಅಂತ ಕಟ್ಟನ್ನು ಕೈಗೆ ಹಾಕುತ್ತಾಳೆ. ಲೆಕ್ಕ ಮರಾಠಿಯಲ್ಲಿ, ಮರ್ಯಾದೆ ಕನ್ನಡದಲ್ಲಿ. ಆಕೆಯನ್ನು ಯಾವ ಕಡೆಯವಳು ಅಂತ ಯಾರೂ ಕೇಳುವುದಿಲ್ಲ. ಜನಗಣತಿಯ ಮಾತೃಭಾಷೆ ಕಾಲಂನಲ್ಲಿ ಮಾತ್ರ ಒಂದೇ ಹೆಸರಿಗೆ ಜಾಗ. ಬಲ್ಲ ಬೇರೆ ಭಾಷೆ ಎರಡು ಬರೆಸಬಹುದು. ನಿಮಗೆ ತೋಚಿದ್ದನ್ನು ಬರೆಸಿ. ಸರ್ಕಾರಕ್ಕೆ ಲೆಕ್ಕ ಬೇಕು, ಕೊಡಿ. ಅದಕ್ಕಾಗಿ ಅಪ್ಪ ಅಮ್ಮನಲ್ಲಿ ಒಬ್ಬರನ್ನು ಬಿಡಬೇಕಿಲ್ಲ.

ಈಗ ಆ ಇಬ್ಬರ ವಿಷಯ. ಆಫೀಸಿನವರು ಮತ್ತೆ ಕೇಳಿದರೆ ಸುಮ್ನಿರಬೇಡಿ. "ನಾನು ಬೆಳಗಾವಿಯವಳು, ನಮ್ಮಮ್ಮನ ಮಾತು ಮರಾಠಿ. ಕಂಡಕ್ಟರ್‌ಗೆ ಹೊಡೆದವರಿಗೆ ಶಿಕ್ಷೆ ಆಗಲಿ, ಚಾಲಕನಿಗೆ ಮಸಿ ಬಳಿದವರಿಗೂ ಆಗಲಿ" ಅನ್ನಿ. ದಿನದ ಪಾಳಿ ಮುಗಿಸಿ ಮನೆ ಸೇರಬೇಕಾದ ಇಬ್ಬರು ನೌಕರರು ಅವರು. ಗಡಿ ಎಳೆದವರು ಅವರಲ್ಲ.

ಗ್ರೂಪಿಗೆ ಸದ್ಯಕ್ಕೆ ಮರಳಬೇಡಿ. ಹತ್ತು ಜನ ನೋಡುತ್ತಿರುವಾಗ ಯಾರೂ ಸೋಲಲು ಒಪ್ಪುವುದಿಲ್ಲ. ಸೋದರಮಾವನಿಗೆ ನೀವೇ ನೇರವಾಗಿ ಫೋನ್ ಮಾಡಿ. ಕಬ್ಬು ಕಾರ್ಖಾನೆಗೆ ಹೋಯಿತಾ, ಮಾಮಿಯ ಮೊಣಕಾಲು ಹೇಗಿದೆ, ಕೇಳಿ. ಗಡಿಯ ಮಾತು ಬಂದರೆ ನಿಮ್ಮ ಅಭಿಪ್ರಾಯ ಮುಚ್ಚಿಡಬೇಡಿ. ಅವರು ಒಪ್ಪದಿದ್ದರೂ ಪರವಾಗಿಲ್ಲ. ಮಾತಾಡಿದ ಒಂದೇ ಸಲಕ್ಕೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಸೋದರಮಾವನ ಮಗನಿಗೆ ಇನ್ನೂ ಸಮಯ ಬೇಕಾಗಬಹುದು.

ನಿದ್ದೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ರಾತ್ರಿ ಮಲಗುವ ಮುಂಚೆ ಆ ಬಸ್ಸಿನ ವೀಡಿಯೊಗಳನ್ನು ನೋಡುವುದು ಬಿಡಿ. ಹೀಗೇ ಮುಂದುವರಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದೇ, ದುಡ್ಡಿಲ್ಲ. ಕನ್ನಡದಲ್ಲೂ ಮಾತಾಡಬಹುದು, ಮರಾಠಿಯಲ್ಲೂ. ಸಂಕಟ ಯಾವ ಭಾಷೆಯಲ್ಲಿ ಬರುತ್ತದೋ ಆ ಭಾಷೆಯಲ್ಲೇ ಹೇಳಿ.

ಕೊನೆಗೆ ಒಂದು ಕೇಳಿಕೆ. ಬೈಲಹೊಂಗಲದ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಕನ್ನಡ ಹೇಗೆ ಕಲಿತರು, ಯಾರು ಕಲಿಸಿದರು ಅಂತ ಅಮ್ಮನ ಕೈಲಿ ಬರೆಸಿ ಕಳಿಸಿ. ಮರಾಠಿಯಲ್ಲಿ ಬರೆದರೂ ಸರಿ, ಅನುವಾದ ಮಾಡಿಸಿ ಹಾಕುತ್ತೇವೆ. ಅವರು ಒಪ್ಪಿದರೆ ಹೆಸರಿನ ಜೊತೆಗೇ.

— ಸಂಪಾದಕ